ಮೂಕಚಿತ್ರಗಳ ಸಂಗ್ರಹವೂ ಆಸ್ವಾದನೆಯೂ

ಮಾತಿಲ್ಲದ ಚಿತ್ರವೆಂದರೆ ಚಲಚ್ಚಿತ್ರಕಲೆಯ ಬಾಲ್ಯಾವಸ್ಥೆಯೆಂದು ತಿಳಿದವರು ಅನೇಕರುಂಟು. ಡೆನ್ಮಾರ್ಕಿನ ಕಾರ್ಲ್ ಡ್ರೇಯರನು ಫ್ರಾನ್ಸಿನಲ್ಲಿ ತೆಗೆದ, 1928ರಲ್ಲಿ ಹೊರಬಂದ 'ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' ಎಂಬ ಚಿತ್ರವನ್ನು ನೋಡಿದವರು ಹಾಗೆ ಹೇಳಲಾರರು. ಅದರಲ್ಲಿ ಯುದ್ಧದ ಆಡಂಬರವಿಲ್ಲ; ನ್ಯಾಯಾಧಿಪತಿಗಳ ಎದುರು ನಿಂತ ಹುಡುಗಿಯೊಬ್ಬಳ ಮುಖವೇ ಅಲ್ಲಿ ಸರ್ವಸ್ವ. ಫಾಲ್ಕೊನೆಟ್ಟಿ ಎಂಬ ನಟಿ ಬಣ್ಣ ಹಚ್ಚದೆಯೇ ಅಭಿನಯಿಸಿದಳು. ಸ್ತಂಭ, ವೈವರ್ಣ್ಯ, ಅಶ್ರು ಎಂದು ನಮ್ಮ ಲಾಕ್ಷಣಿಕರು ಎಣಿಸಿದ ಸಾತ್ತ್ವಿಕ ಭಾವಗಳು ಅವಳ ಮುಖದಲ್ಲಿ ಮಾತಿನ ಹಂಗಿಲ್ಲದೆ ಮೂಡುತ್ತವೆ.

ಈ ಕೃತಿಯ ಮೂಲ ನೆಗೆಟಿವು ಅದೇ ವರ್ಷ ಬರ್ಲಿನ್ನಿನಲ್ಲಿ ಸುಟ್ಟುಹೋಯಿತು. ಮೊದಲು ಕೈಬಿಟ್ಟಿದ್ದ ತುಣುಕುಗಳಿಂದ ಡ್ರೇಯರನು ಇನ್ನೊಂದು ಆವೃತ್ತಿಯನ್ನು ಜೋಡಿಸಬೇಕಾಯಿತು. ಆತನು 1968ರಲ್ಲಿ ತೀರಿಕೊಂಡನು. ಅದಾದ 13 ವರ್ಷಗಳ ಮೇಲೆ, 1981ರಲ್ಲಿ, ಆಸ್ಲೋ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಮೊದಲ ಆವೃತ್ತಿಯ ಪ್ರತಿ ದೊರೆಯಿತು. ಕರ್ತೃವು ಕಳೆದುಹೋಯಿತೆಂದು ನಂಬಿದ್ದುದು ಲೋಕಕ್ಕೆ ಮರಳಿ ಬಂದಿತು. ಆತನಿಗೆ ಮಾತ್ರ ಬರಲಿಲ್ಲ.

ಇಂತಹ ನಷ್ಟಕ್ಕೆ ಕಾರಣವೇನು? ಆ ಕಾಲದ ಫಿಲ್ಮು ಬಹುಮಟ್ಟಿಗೆ ನೈಟ್ರೇಟಿನದು. ಅದು ಹೊತ್ತಿಕೊಂಡರೆ ದಹನಕ್ಕೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಬೆಂಕಿ ಮುಟ್ಟದಿದ್ದರೂ ಕಾಲಕ್ರಮದಲ್ಲಿ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಸಾಲದುದಕ್ಕೆ, ವಾಕ್ಚಿತ್ರಗಳು ಬಂದ ಮೇಲೆ ಹಳೆಯ ಸುರುಳಿಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ನಮ್ಮ ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ವೂ ಇಂದು ಪೂರ್ಣವಾಗಿ ಉಳಿದಿಲ್ಲ.

ಮೂಕಚಿತ್ರವನ್ನು ಸವಿಯಬೇಕೆಂಬವರು ಮೊದಲು ಅದರ ವೇಗವನ್ನು ಗಮನಿಸಬೇಕು. ಸೆಕೆಂಡಿಗೆ ಸುಮಾರು 16ರಿಂದ 20 ಚೌಕಟ್ಟುಗಳಂತೆ ತೆಗೆದುದನ್ನು ವಾಕ್ಚಿತ್ರದ 24ರ ವೇಗದಲ್ಲಿ ಓಡಿಸಿದರೆ ಗಂಭೀರ ನಟನೂ ಕೋಡಂಗಿಯಂತೆ ಕುಣಿಯುವನು. ಆ ದೋಷ ತೋರಿಸಿದವರದು, ಕೃತಿಯದಲ್ಲ. ಇರುಳಿಗೆ ನೀಲಿ, ಬೆಂಕಿಗೆ ಕೆಂಪು ಎಂದು ಫಿಲ್ಮಿಗೆ ಬಣ್ಣ ಕಟ್ಟುವ ರೂಢಿಯೂ ಆಗ ಇದ್ದಿತು. ಆದುದರಿಂದ ಎಲ್ಲವೂ ಬರಿಯ ಕಪ್ಪುಬಿಳುಪಲ್ಲ.

ಸಂಗ್ರಾಹಕನಿಗೆ ಹೇಳಬೇಕಾದುದು ಇಷ್ಟೆ. ಹಳೆಯ ಸುರುಳಿ ಕೈಗೆ ಬಂದರೆ ಕುತೂಹಲಕ್ಕಾಗಿ ಯಂತ್ರಕ್ಕೆ ಹಾಕಬೇಡಿ, ಕತ್ತರಿಸಬೇಡಿ, ಮನೆಯ ಅಟ್ಟದಲ್ಲಿಟ್ಟು ಹೆಮ್ಮೆಪಡಬೇಡಿ. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂತಹ ಸಂಸ್ಥೆಗೆ ತಿಳಿಸಿ, ತಜ್ಞರಿಂದ ಪ್ರತಿ ತೆಗೆಯಿಸಿರಿ. ಓಲೆಗರಿಯ ಗ್ರಂಥವು ಪ್ರತಿಯಾದಾಗಲೇ ಬದುಕಿತು, ಚಿತ್ರವೂ ಹಾಗೆಯೇ. ಸಂಗ್ರಾಹಕನು ಅದರ ಒಡೆಯನಲ್ಲ, ಮುಂದಿನವರ ಪರವಾಗಿ ಕಾಪಾಡುವವನು.