ಇದ್ದಿಲಿನಿಂದ ವಿದ್ಯುತ್ತಿಗೆ: ಭದ್ರಾವತಿಯ ಕುಲುಮೆಯೊಂದು ಕಲಿಸುವ ಪಾಠ

ಬತ್ತಿಹೋಗದ ಶಕ್ತಿಮೂಲಗಳನ್ನು ನೆಚ್ಚಿ ಕೈಗಾರಿಕೆಯನ್ನೂ ವಾಹನವನ್ನೂ ನಡೆಸಬಹುದೇ ಎಂಬ ಪ್ರಶ್ನೆ ಈ ಕಾಲದ್ದೆಂದು ಹಲವರು ಭಾವಿಸುತ್ತಾರೆ. ಭದ್ರಾವತಿಯ ಜನ್ನಾಪುರದಲ್ಲಿ ನಿಂತು ವಿಚಾರಮಾಡುವವರಿಗೆ ಅದು ಶತಮಾನದಷ್ಟು ಹಳೆಯ ಪ್ರಶ್ನೆ. ಆ ಇತಿಹಾಸವನ್ನು ಸಂಕ್ಷೇಪವಾಗಿ ವಿವೇಚಿಸುವುದು ನಮ್ಮ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿ ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಊದುಕುಲುಮೆಗೆ ಮಲೆನಾಡಿನ ಕಾಡಿನ ಸೌದೆಯಿಂದ ತಯಾರಿಸಿದ ಇದ್ದಿಲೇ ಆಧಾರವಾಯಿತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲಿನೊಡನೆ ಮರದ ಟಾರು, ಮಿಥೈಲ್ ಆಲ್ಕೋಹಾಲ್ ಮೊದಲಾದ ಉಪವಸ್ತುಗಳನ್ನೂ ಪಡೆಯುತ್ತಿದ್ದರು.

ಕಡಿದ ಮರ ಮತ್ತೆ ಚಿಗುರುತ್ತದೆಂಬುದು ನಿಜ. ಆದರೆ ಕುಲುಮೆ ದಿನವೂ ಉಣ್ಣುತ್ತದೆ. ಕಾಡು ದಶಕಗಳಲ್ಲಿ ಬೆಳೆಯುತ್ತದೆ. ಹತ್ತಿರದ ಸೌದೆ ತೀರಿದಂತೆ ದೂರದಿಂದ ತರಬೇಕಾಗುವುದು, ವೆಚ್ಚವೂ ಏರುವುದು. ಹೀಗೆ ಶಕ್ತಿಮೂಲವು ಮರುಹುಟ್ಟುವುದೇ ಎಂಬುದಕ್ಕಿಂತ ಯಾವ ವೇಗದಲ್ಲಿ ಮರುಹುಟ್ಟುವುದು ಎಂಬುದೇ ಮುಖ್ಯವಾಯಿತು.

ಇದಕ್ಕೆ ಉತ್ತರ ಶರಾವತಿಯಿಂದ ಬಂದಿತು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಸಾಗಿಸಿದ್ದ ಸಂಸ್ಥಾನವು 1948ರಲ್ಲಿ ಜೋಗದ ವಿದ್ಯುದಾಗಾರವನ್ನು ಚಾಲನೆಗೊಳಿಸಿತು. ಭದ್ರಾವತಿಯಲ್ಲಿ 1952ರಲ್ಲಿ ಎರಡು ವಿದ್ಯುತ್ ಕುಲುಮೆಗಳು ಬೀಡು ಕಬ್ಬಿಣ ತೆಗೆಯತೊಡಗಿದವು. ಇಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು: ಇದ್ದಿಲಿಗೆ ಕುಲುಮೆಯಲ್ಲಿ ಎರಡು ಕೆಲಸಗಳಿದ್ದವು, ಶಾಖ ಕೊಡುವುದು ಮತ್ತು ಅದಿರಿನ ಆಮ್ಲಜನಕವನ್ನು ಸೆಳೆಯುವುದು. ವಿದ್ಯುತ್ತು ಮೊದಲನೆಯದನ್ನು ಮಾತ್ರ ವಹಿಸಿಕೊಂಡಿತು. ಎರಡನೆಯದಕ್ಕೆ ಇಂಗಾಲ ಬೇಕಾಗಿಯೇ ಇದ್ದಿತು. ಇಂಧನದ ಅಗತ್ಯ ತಗ್ಗಿತೇ ಹೊರತು ಅಳಿಯಲಿಲ್ಲ.

ನೀರಿನ ಶಕ್ತಿಗೂ ಬೆಲೆಯುಂಟು. ಮಳೆ ತಪ್ಪಿದರೆ ಜಲಾಶಯ ಇಳಿಯುತ್ತದೆ. ಅದಲ್ಲದೆ 1964ರ ಲಿಂಗನಮಕ್ಕಿ ಅಣೆಕಟ್ಟು ಹಿಂದಿನ ಹಿರೇಭಾಸ್ಕರ ಅಣೆಕಟ್ಟನ್ನೂ ಅನೇಕ ಹಳ್ಳಿಗಳನ್ನೂ ಮುಳುಗಿಸಿತು. ನಾಡಿಗೆ ಬೆಳಕು ಬಂದಿತು. ಮನೆ ಕಳೆದುಕೊಂಡ ಅನೇಕ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ಇಪ್ಪತ್ತೊಂದನೆಯ ಶತಮಾನಕ್ಕೂ ಮುಂದುವರಿಯಿತು. ಈ ವೆಚ್ಚ ಯಾವ ವಿದ್ಯುತ್ ಬಿಲ್ಲಿನಲ್ಲಿಯೂ ಕಾಣದು.

2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರಿನಿಂದ ಇಂದಿನ ವಾಹನಗಳವರೆಗೆ ವಿದ್ಯುತ್ ಕಾರಿನ ವಿಚಾರವೂ ಇದಕ್ಕೆ ಹೊರತಲ್ಲ. ಪೆಟ್ರೋಲ್ ಎಂಜಿನ್ ಇಂಧನದ ಹೆಚ್ಚಿನ ಪಾಲನ್ನು ಶಾಖವಾಗಿ ಕಳೆಯುತ್ತದೆ. ವಿದ್ಯುತ್ ಮೋಟಾರು ತನಗೆ ಬಂದ ಶಕ್ತಿಯ ಬಹುಭಾಗವನ್ನು ಚಲನೆಯಾಗಿಸುತ್ತದೆ. ಲಾಭ ನಿಸ್ಸಂಶಯ. ಆದರೆ ಆ ವಿದ್ಯುತ್ತು ರಾಯಚೂರಿನ ಕಲ್ಲಿದ್ದಲಿನಿಂದ ಬಂದರೆ ಹೊಗೆ ಸ್ಥಳ ಬದಲಿಸಿತಷ್ಟೆ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಿಂದ ಬಂದರೆ ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವ ಉಪಾಯ ಬೇಕು. ಅದಕ್ಕಾಗಿಯೇ ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಸಂಗ್ರಹಿಸುವ 2,000 ಮೆಗಾವಾಟ್ ಯೋಜನೆಯ ಪ್ರಸ್ತಾಪ ಹುಟ್ಟಿತು. ಸಿಂಗಳೀಕಗಳ ಕಾಡಿಗೆ ಧಕ್ಕೆಯೆಂಬ ವಿರೋಧವೂ ಜೊತೆಯಲ್ಲಿಯೇ ಹುಟ್ಟಿತು.

ಇವುಗಳಿಂದ ಹೊಸ ಶಕ್ತಿ ಅಸಾಧ್ಯವೆಂದು ನಾವು ಹೇಳುತ್ತಿಲ್ಲ. ಭದ್ರಾವತಿ ಅದನ್ನು ಸಾಧಿಸಿಯೇ ತೋರಿಸಿತು. ಎಷ್ಟು ಬೇಗ ಮರುತುಂಬುವುದು, ಬೇಕಾದ ಹೊತ್ತಿಗೆ ದೊರೆಯುವುದೇ, ಅದರ ಭಾರವನ್ನು ಹೊರುವವರಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.