ಅರೆತಲೆನೋವಿನ ಗುಳಿಗೆ: ಜೊತೆಗೆ ಇನ್ನೇನು ನುಂಗುತ್ತಿದ್ದೀರಿ?

ಅರೆತಲೆನೋವಿನಿಂದ (ಮೈಗ್ರೇನ್) ನರಳುವವರ ಕೈಚೀಲದಲ್ಲಿ ಗುಳಿಗೆ ಸದಾ ಇರುತ್ತದೆ. ಎಂದೋ ಒಮ್ಮೆ ವೈದ್ಯರು ಬರೆದುಕೊಟ್ಟದ್ದು, ಆಮೇಲೆ ಅಂಗಡಿಯಿಂದ ನೇರವಾಗಿ ತಂದದ್ದು. 'ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ?' ಎಂದು ಕೇಳಿದರೆ 'ಏನೂ ಇಲ್ಲ' ಎನ್ನುತ್ತಾರೆ. ತಲೆನೋವಿನ ಗುಳಿಗೆಯನ್ನು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ!

ಇಂಥ ಕೆಲವು ಗುಳಿಗೆಗಳಲ್ಲಿ ಎರ್ಗೊಟಮಿನ್ ಇರುತ್ತದೆ. ರೈ ಎಂಬ ಧಾನ್ಯದ ತೆನೆಗೆ ತಗಲುವ ಶಿಲೀಂಧ್ರದಿಂದ ಬಂದ ಔಷಧಿ ಇದು, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಯಕೃತ್ತಿನಲ್ಲಿರುವ ಒಂದು ಕಿಣ್ವ ಇದನ್ನು ಒಡೆದು ಹೊರಹಾಕುತ್ತದೆ. ಭದ್ರಾವತಿಯಲ್ಲಿ ಈ ಗುಳಿಗೆ ನುಂಗುತ್ತಿರುವವರೊಬ್ಬರು ಗಂಟಲಿನ ಸೋಂಕಿಗೆ ಶಿವಮೊಗ್ಗದ ವೈದ್ಯರನ್ನು ಕಂಡು, ಅವರು ಕ್ಲಾರಿತ್ರೊಮೈಸಿನ್ ಬರೆದರು ಎಂದಿಟ್ಟುಕೊಳ್ಳಿ. ಈ ಔಷಧಿ (ಎರಿತ್ರೊಮೈಸಿನ್ ಕೂಡ) ಆ ಕಿಣ್ವವನ್ನೇ ತಡೆಯುತ್ತದೆ. ಎರ್ಗೊಟಮಿನ್ ರಕ್ತದಲ್ಲಿ ಶೇಖರವಾಗಿ ಕೈಕಾಲುಗಳ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬೆರಳು ತಣ್ಣಗಾಗಿ ಜೋಮು ಹಿಡಿಯುತ್ತದೆ, ನೀಲಿಗಟ್ಟುತ್ತದೆ; ನಡೆದರೆ ಮೀನಖಂಡ ನೋಯುತ್ತದೆ. ಅಲಕ್ಷಿಸಿದರೆ ಬೆರಳು ಕೊಳೆತು ಕತ್ತರಿಸಬೇಕಾದೀತು. ಇಬ್ಬರು ವೈದ್ಯರದೂ ತಪ್ಪೆನ್ನಲಾಗದು, ಒಬ್ಬರ ಚೀಟಿಯನ್ನು ಇನ್ನೊಬ್ಬರು ಕಂಡಿಲ್ಲ. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಕೊನಜೋಲ್, ಎಚ್‌ಐವಿಗೆ ಕೊಡುವ ಕೆಲವು ಔಷಧಿಗಳೂ ಇದೇ ಅಪಾಯ ತರುತ್ತವೆ.

ಸುಮಟ್ರಿಪ್ಟಾನ್ ಕೂಡ ರಕ್ತನಾಳಗಳನ್ನು ಕುಗ್ಗಿಸುವಂಥದ್ದೇ. ಎರ್ಗೊಟಮಿನ್ ನುಂಗಿ ನೋವು ಇಳಿಯಲಿಲ್ಲವೆಂದು ಅದೇ ದಿನ ಇದನ್ನೂ ನುಂಗಬಾರದು. ಎರಡರ ನಡುವೆ 24 ಗಂಟೆ ಬಿಡಬೇಕು. ಹೃದ್ರೋಗಿಗಳಿಗೆ ಎರಡೂ ವರ್ಜ್ಯ. ಎರ್ಗೊಟಮಿನ್ ಗುಳಿಗೆಯಲ್ಲಿ ಹಲವೊಮ್ಮೆ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಜ್ವರಕ್ಕೆ ಬೇರೆ ಪ್ಯಾರಾಸಿಟಮಾಲ್ ನುಂಗುವಾಗ ಅದನ್ನೂ ಲೆಕ್ಕಕ್ಕೆ ಸೇರಿಸಿ.

ನೋವು ಬಾರದಂತೆ ದಿನವೂ ಕೊಡುವ ಪ್ರೊಪ್ರನಲಾಲ್ ಒಳ್ಳೆಯ ಔಷಧಿ. ಆದರೆ ಆಸ್ತಮಾ ಇರುವವರು ಅದನ್ನು ಮುಟ್ಟಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳಿಂದ ಸಕ್ಕರೆ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಪ್ರೊಪ್ರನಲಾಲ್ ಈ ಎರಡು ಮುನ್ಸೂಚನೆಗಳನ್ನೂ ಮುಚ್ಚಿಬಿಡುತ್ತದೆ. ಬೆವರುವಿಕೆ ಮಾತ್ರ ಉಳಿಯುತ್ತದೆ. ಹಾಗೆಂದು ಅದನ್ನು ಒಮ್ಮೆಲೇ ನಿಲ್ಲಿಸಬೇಡಿ. ರಕ್ತದೊತ್ತಡಕ್ಕೆ ವೆರಪಮಿಲ್ ನುಂಗುವವರು ವೈದ್ಯರಿಗೆ ಹೇಳಲೇಬೇಕು, ಎರಡೂ ಕೂಡಿದರೆ ನಾಡಿ ಅಪಾಯಕರವಾಗಿ ನಿಧಾನವಾದೀತು. ಟೊಪಿರಮೇಟ್ ಸಂತಾನ ನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತದೆಂಬುದನ್ನು ಮಹಿಳೆಯರು ತಿಳಿದಿರಬೇಕು.

ಔಷಧಿಯ ಹೆಸರು ನೆನಪಿಲ್ಲದಿದ್ದರೆ ಚಿಂತೆಯಿಲ್ಲ, ಖಾಲಿ ಪಟ್ಟಿಯನ್ನೇ ತಂದು ತೋರಿಸಿ. ಬೆರಳು ತಣ್ಣಗಾಗಿ ಬಣ್ಣ ಬದಲಿಸಿದರೆ ಎರ್ಗೊಟಮಿನ್ ನಿಲ್ಲಿಸಿ, ಬೆಳಗಾಗಲೆಂದು ಕಾಯದೆ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಇನ್ನಾವುದೇ ದೊಡ್ಡ ಆಸ್ಪತ್ರೆಗೋ ಹೋಗಿ. ಬೆರಳಿಗೆ ಬಿಸಿನೀರಿನ ಶಾಖ ಕೊಡಬೇಡಿ. ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ.