ನಗುವ ಮಕ್ಕಳೆಲ್ಲ ಖುಷಿಯಲ್ಲಿರುವುದಿಲ್ಲ

ನಮ್ಮ ಮದುವೆ ಮನೆಗಳಲ್ಲಿ ಪುದಿಯಾಪ್ಲೆಯನ್ನು ಗೆಳೆಯರು ತಮಾಷೆ ಮಾಡದೆ ಬಿಡುವುದುಂಟಾ? ಗಲ್ಫಿನಿಂದ ರಜೆಗೆ ಬಂದ ಕಾಕ ಜಗಲಿಯಲ್ಲಿ ಕೂತು ಅಲ್ಲಿನ ಕಥೆ ಶುರು ಮಾಡಿದರೆ ಚಹಾ ತಣಿದದ್ದೂ ಗೊತ್ತಾಗುವುದಿಲ್ಲ. ನಗುವುದರಲ್ಲಿ ನಾವು ಬ್ಯಾರಿಗಳು ಯಾರಿಗೂ ಕಡಿಮೆ ಇಲ್ಲ. ನಗು ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ. 1995ರಲ್ಲಿ ಡಾ. ಮದನ್ ಕಟಾರಿಯಾ ಮುಂಬೈಯ ಒಂದು ಪಾರ್ಕಿನಲ್ಲಿ ಶುರು ಮಾಡಿದ ನಗೆಕೂಟ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ಆದರೆ ಎಲ್ಲ ನಗುವೂ ಒಂದೇ ಅಲ್ಲ. ಇದು ನಮಗೆ ತಿಳಿದದ್ದು ತಡವಾಗಿ, ಅದೂ ಒಬ್ಬ ಹುಡುಗನಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಮದ್ರಸದ ಐದನೇ ತರಗತಿಯಲ್ಲಿ ಒಬ್ಬ ದಪ್ಪಗಿನ ಹುಡುಗನಿದ್ದ. ಮಕ್ಕಳು ಅವನಿಗೆ 'ಲಾರಿ' ಅಂತ ಹೆಸರಿಟ್ಟಿದ್ದರು. ಅವನು ಸಿಟ್ಟು ಮಾಡುತ್ತಿರಲಿಲ್ಲ. ಬೆಂಚಿನಲ್ಲಿ ಕೂರುವಾಗ "ಜಾಗ ಬಿಡಿ, ಲಾರಿ ರಿವರ್ಸ್ ಬರ್ತಾ ಉಂಟು" ಅಂತ ತಾನೇ ಹೇಳುತ್ತಿದ್ದ. ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ನಾವೂ ನಕ್ಕಿದ್ದೇವೆ. ಒಂದೆರಡು ಸಲ "ಎಂತ ಲಾರಿ, ಇವತ್ತು ಲೇಟಾ?" ಅಂತ ಕೇಳಿದ್ದೂ ಉಂಟು. ಎಷ್ಟು ಲವಲವಿಕೆಯ ಹುಡುಗ ಅಂತಲೇ ನಮ್ಮ ಎಣಿಕೆ.

ಒಂದು ವಾರ ಅವನು ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆವು. ಅವನ ಉಮ್ಮ ಬಾಗಿಲ ಮರೆಯಲ್ಲಿ ನಿಂತು ಹೇಳಿದರು: "ಉಸ್ತಾದ್, ಅವನು ರಾತ್ರಿ ಊಟ ಮಾಡುವುದಿಲ್ಲ. ಯಾಕೆ ಮೋನೇ ಅಂತ ಕೇಳಿದರೆ ಲಾರಿಗೆ ಡೀಸೆಲ್ ಬೇಡ ಅಂತ ಹೇಳ್ತಾನೆ. ಮೊದಲು ನಮಗೂ ನಗು ಬಂತು. ಆಮೇಲೆ ನೋಡಿದರೆ ತಲೆದಿಂಬಿನಲ್ಲಿ ಮುಖ ಅಡಗಿಸಿ ಅಳ್ತಾ ಇದ್ದ." ನಮ್ಮಲ್ಲಿ ಉತ್ತರ ಇರಲಿಲ್ಲ. ಕೊಟ್ಟ ಶರಬತ್ತು ಗಂಟಲಲ್ಲಿ ಇಳಿಯಲಿಲ್ಲ.

ಆ ಮೇಲೆ ಈ ವಿಷಯದ ಬಗ್ಗೆ ಓದತೊಡಗಿದೆವು. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಯವರು 2003ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. 32 ವಾಕ್ಯಗಳು, ಪ್ರತಿಯೊಂದೂ ನಮಗೆ ಎಷ್ಟು ಒಪ್ಪುತ್ತದೆ ಅಂತ ಗುರುತು ಹಾಕಬೇಕು. ಅದರಿಂದ ಅವರು ಹಾಸ್ಯವನ್ನು ನಾಲ್ಕು ಬಗೆ ಮಾಡುತ್ತಾರೆ. ಒಂದು, ಎಲ್ಲರನ್ನೂ ಸೇರಿಸಿಕೊಂಡು ನಗಿಸುವುದು. ಎರಡು, ಕಷ್ಟ ಬಂದಾಗ ಅದರಲ್ಲೂ ನಗುವಂಥದ್ದನ್ನು ಕಂಡು ತನ್ನ ಮನಸ್ಸನ್ನು ತಾನೇ ಹಗುರ ಮಾಡಿಕೊಳ್ಳುವುದು. ಮೂರು, ಇನ್ನೊಬ್ಬನನ್ನು ಕುಟುಕಿ, ಹೀಯಾಳಿಸಿ ನಗುವುದು. ನಾಲ್ಕು, ಬೇರೆಯವರ ಮೆಚ್ಚುಗೆಗಾಗಿ ತನ್ನನ್ನೇ ಮಿತಿ ಮೀರಿ ಹೀಯಾಳಿಸಿಕೊಳ್ಳುವುದು, ಒಳಗಿನ ನೋವನ್ನು ಹೊರಗಿನ ನಗುವಿನಿಂದ ಮುಚ್ಚುವುದು.

ಮೊದಲ ಎರಡು ಬಗೆಯವರಲ್ಲಿ ಆತ್ಮವಿಶ್ವಾಸ, ನೆಮ್ಮದಿ ಹೆಚ್ಚು. ಆತಂಕ, ಖಿನ್ನತೆ ಕಡಿಮೆ ಕಂಡುಬಂತು. ಜನರೊಂದಿಗೆ ಸುಲಭವಾಗಿ ಬೆರೆಯುವ ಸ್ವಭಾವದವರಲ್ಲಿ ಒಂದನೇ ಬಗೆ ಹೆಚ್ಚು. ಮೂರನೆಯದು ಸಿಟ್ಟು, ಹಗೆ ಮನಸ್ಸಿನ ಜೊತೆ ಕಾಣಿಸಿಕೊಂಡಿತು. ನಾಲ್ಕನೆಯದರ ಜೊತೆ ಇದ್ದದ್ದು ಆತಂಕ, ಖಿನ್ನತೆ, ತನ್ನ ಬಗ್ಗೆ ತನಗೇ ಕೀಳರಿಮೆ. ನೋವಿನಿಂದ ಅಂಥ ಹಾಸ್ಯವೋ, ಅಂಥ ಹಾಸ್ಯದಿಂದ ನೋವೋ ಅಂತ ಇಂಥ ಪ್ರಶ್ನಾವಳಿಯೊಂದರಿಂದಲೇ ಹೇಳಲಾಗದು. ಎರಡೂ ಒಟ್ಟಿಗೆ ಇರುತ್ತವೆ ಎನ್ನುವುದಷ್ಟೆ. ಆದರೆ ನಮಗೆ ಅಷ್ಟೇ ಸಾಕಾಯಿತು. ನಮ್ಮ ತರಗತಿ ಮೂರನೇ ಬಗೆಯಲ್ಲಿ ನಗುತ್ತಿತ್ತು, ಆ ಹುಡುಗ ನಾಲ್ಕನೇ ಬಗೆಯಲ್ಲಿ ನಗಿಸುತ್ತಿದ್ದ. ಒಂದನೆಯದು ಅಂತ ನಾವು ತಿಳಿದುಕೊಂಡಿದ್ದೆವು.

ಇನ್ನೂ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಒಬ್ಬರು ಇನ್ನೊಬ್ಬರನ್ನು ಪರಿಹಾಸ್ಯ ಮಾಡಬಾರದು, ಅಡ್ಡಹೆಸರಿನಿಂದ ಕರೆಯಬಾರದು ಎಂಬುದು ಸೂರಃ ಹುಜುರಾತ್‌ನ 11ನೇ ವಚನದಲ್ಲೇ ಇದೆ. ಅದನ್ನು ಮಕ್ಕಳಿಗೆ ಓದಿಸಿದವರೂ ನಾವೇ, 'ಲಾರಿ' ಅಂತ ಕರೆದವರೂ ನಾವೇ! ಹಾಗಂತ ದೀನಿನಲ್ಲಿ ತಮಾಷೆಗೆ ಜಾಗ ಇಲ್ಲ ಅಂತಲ್ಲ. ಪ್ರವಾದಿ(ಸ.ಅ.)ಯವರು ತಮಾಷೆ ಮಾಡುತ್ತಿದ್ದರು, ಆದರೆ ಅದರಲ್ಲಿ ಸುಳ್ಳು ಇರಲಿಲ್ಲ. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಸಾಕು ಹಕ್ಕಿ ಸತ್ತಾಗ, ಅವನ ಹೆಸರಿಗೆ ಪ್ರಾಸ ಹೊಂದಿಸಿ ಆ ಹಕ್ಕಿಯ ವಿಷಯ ಕೇಳಿ ಅವನನ್ನು ಮಾತಾಡಿಸಿದರು. ಅದೂ ತಮಾಷೆಯೇ. ಅದು ಮಗುವಿನ ದುಃಖ ಇಳಿಸಿತು.

ಮನೆಯಲ್ಲಿ ನಾವು ಮಾಡಬಹುದಾದದ್ದು ಸುಲಭ. ಒಂದು ತಮಾಷೆಗೆ ಎಲ್ಲರೂ ನಕ್ಕಾಗ, ಅದು ಯಾರ ಮೇಲಿನದೋ ಅವರ ಮುಖವನ್ನೊಮ್ಮೆ ನೋಡುವುದು. ಕಪ್ಪು, ಕುಳ್ಳಿ, ತೊದಲ ಅಂತ ಮಕ್ಕಳನ್ನು ಪ್ರೀತಿಯಿಂದಲೂ ಕರೆಯದಿರುವುದು. ಯಾವ ಮಗು ಯಾವಾಗಲೂ ತನ್ನನ್ನೇ ಹಾಸ್ಯ ಮಾಡಿಕೊಳ್ಳುತ್ತದೋ ಅದರ ಹತ್ತಿರ ಒಂಟಿಯಾಗಿ ಕೂತು ಮಾತಾಡುವುದು. ಊಟ, ನಿದ್ದೆ ಬಿಟ್ಟಿದ್ದರೆ ಡಾಕ್ಟರರಿಗೆ ತೋರಿಸುವುದು. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಆ ಹುಡುಗ ಮತ್ತೆ ಮದ್ರಸಕ್ಕೆ ಬಂದ ದಿನ ತರಗತಿಯ ಮುಂದೆಯೇ ಅವನಲ್ಲಿ ನಮ್ಮ ತಪ್ಪು ಒಪ್ಪಿಕೊಂಡೆವು. ಇನ್ನು ಆ ಹೆಸರು ಇಲ್ಲಿ ಕೇಳಬಾರದು ಅಂತ ಮಕ್ಕಳಿಗೆ ಹೇಳಿದೆವು. ಅವನು ತಲೆ ತಗ್ಗಿಸಿ ಕೂತ. ತಿಂಗಳ ಮಟ್ಟಿಗೆ ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಇವನ ನಗುವನ್ನೇ ನಾವು ಕಸಿದುಕೊಂಡೆವಾ ಅಂತ ಹೆದರಿಕೆಯಾಯಿತು.

ಒಂದು ಮಳೆಯ ದಿನ ಪಾಠ ಒಪ್ಪಿಸುವ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಲ್ಲಿ ಹಿಂದಿನ ಬೆಂಚಿನಿಂದ ಅವನ ಸ್ವರ ಕೇಳಿತು: "ಉಸ್ತಾದ್, ಕರೆಂಟಿಗೂ ಪಾಠ ಬರ್ತಿರಲಿಲ್ಲ ಕಾಣ್ತದೆ, ಓಡಿ ಹೋಯ್ತು!"

ತರಗತಿ ನಕ್ಕಿತು. ನಾವೂ ನಕ್ಕೆವು. ಆ ದಿನ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.